ಗೃಹಿಣಿಯ ದುಡಿಮೆಗೆ ಎರಡು ತಕ್ಕಡಿ

ಮೂವತ್ತನಾಲ್ಕು ವರ್ಷದ ಗೃಹಿಣಿಯೊಬ್ಬಳು ರಸ್ತೆ ಅಪಘಾತದಲ್ಲಿ ತೀರಿಕೊಂಡಳು ಎನ್ನಿ. ಅವಳಿಗೆ ಸಂಬಳವಿರಲಿಲ್ಲ, ಆದಾಯ ತೆರಿಗೆಯ ಕಾಗದವೂ ಇಲ್ಲ. ಆದರೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅವಳ ದುಡಿಮೆಗೆ ಬೆಲೆ ಕಟ್ಟುತ್ತದೆ. ಮನೆಗೆಲಸದ ಮೌಲ್ಯ ತಿಂಗಳಿಗೆ 12,000 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 1,44,000. ವಯಸ್ಸು ನಲವತ್ತರೊಳಗಿದ್ದುದರಿಂದ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಯ ಬಾಬ್ತು ಶೇ 40 ಸೇರಿಸಿದರೆ 2,01,600. ಅವಲಂಬಿತರು ಗಂಡ ಮತ್ತು ಇಬ್ಬರು ಮಕ್ಕಳು. ಹಾಗಾಗಿ ಅವಳ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ ಉಳಿಯುವುದು 1,34,400. ಆ ವಯಸ್ಸಿಗೆ ಗುಣಕ 16. ಗುಣಿಸಿದರೆ 21,50,400 ರೂಪಾಯಿ. ಇದು ನ್ಯಾಯಾಧೀಶರ ಮನಸ್ಸಿಗೆ ತೋಚಿದ ಮೊತ್ತವಲ್ಲ. ಗುಣಕದ ಪಟ್ಟಿಯನ್ನು 2009ರಲ್ಲಿ, ಭವಿಷ್ಯದ ಗಳಿಕೆಯ ಪ್ರಮಾಣವನ್ನು 2017ರಲ್ಲಿ ಸುಪ್ರೀಂ ಕೋರ್ಟ್ ಗೊತ್ತುಪಡಿಸಿದೆ. ದುಡಿಯದ ಗೃಹಿಣಿಗೂ ಭವಿಷ್ಯದ ಗಳಿಕೆ ಸೇರಿಸಬೇಕೆಂದು 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರಿದ್ದ ಪೀಠ ಸ್ಪಷ್ಟಪಡಿಸಿತು. (ಅಂದಹಾಗೆ, ‘ದುಡಿಯದ ಗೃಹಿಣಿ’ ಎಂದು ನಾವು ಎಷ್ಟು ಸಲೀಸಾಗಿ ಬರೆದುಬಿಡುತ್ತೇವೆ!)

ಈಗ ಅದೇ ಹೆಂಗಸು ಬದುಕಿದ್ದಾಳೆ, ದಾಂಪತ್ಯ ಮುರಿದಿದೆ, ಜೀವನಾಂಶಕ್ಕಾಗಿ ಕುಟುಂಬ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾಳೆ ಎನ್ನಿ. ಅಲ್ಲಿ ಈ ಲೆಕ್ಕದ ಒಂದು ಸಾಲೂ ಕಾಣುವುದಿಲ್ಲ. ಗಂಡನ ಸಂಬಳವೆಷ್ಟು, ಇವಳ ಅಗತ್ಯವೆಷ್ಟು ಎಂಬುದರ ಸುತ್ತಲೇ ವಾದ ಸುತ್ತುತ್ತದೆ. ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು, ‘ಡಿಗ್ರಿ ಓದಿದ್ದೀರಲ್ಲಮ್ಮಾ, ಕೆಲಸಕ್ಕೆ ಯಾಕೆ ಹೋಗಬಾರದು?’ ಎಂದು ಕೇಳುತ್ತಾರೆ. ಹತ್ತು ವರ್ಷ ಅಡುಗೆ ಮಾಡಿ, ಮಕ್ಕಳನ್ನು ಸಾಕಿ, ಅತ್ತೆಮಾವಂದಿರ ಕಾಯಿಲೆ ಕಸಾಲೆ ನೋಡಿಕೊಂಡದ್ದು ಇಲ್ಲಿ ಖಾಲಿ ಕೂತ ಕಾಲವಾಗಿಬಿಡುತ್ತದೆ. ಹೆಂಡತಿ ಸತ್ತರೆ ಅವಳ ದುಡಿಮೆಯ ಬೆಲೆ ಗಂಡ ಮಕ್ಕಳ ಕೈ ಸೇರುತ್ತದೆ. ಬದುಕಿದ್ದು ಬೇರೆಯಾದರೆ ಅದೇ ದುಡಿಮೆಯ ಬೆಲೆಯನ್ನು ಅವಳ ಲೆಕ್ಕಕ್ಕೆ ಯಾರೂ ಬರೆಯುವುದಿಲ್ಲ. ಈ ಎರಡು ತಕ್ಕಡಿಗಳಲ್ಲಿ ಒಂದನ್ನು ಸರಿಪಡಿಸಲೇಬೇಕು ಎಂಬುದು ನನ್ನ ವಾದ.

2001ರ ಇಸವಿಯನ್ನು ನೋಡಿದರೆ ಈ ಅಂತರ ಕಣ್ಣಿಗೆ ಹೊಡೆಯುತ್ತದೆ. 1989ರ ಮಾರ್ಚ್‌ನಲ್ಲಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯ ಸಂಸ್ಥಾಪಕರ ದಿನಾಚರಣೆಯಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ಸತ್ತಿದ್ದರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರ ಆಗಸ್ಟ್‌ನಲ್ಲಿ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಬೆಲೆ ಕಟ್ಟಿತು. ಅದೇ ಹೊತ್ತಿನಲ್ಲಿ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಪ್ರಕಾರ ಬದುಕಿರುವ ಹೆಂಡತಿಗೆ ಸಿಗಬಹುದಾದ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 500 ರೂಪಾಯಿ! ಆ ಮಿತಿಯನ್ನು ತೆಗೆದದ್ದು ಅದೇ ವರ್ಷದ ತಿದ್ದುಪಡಿ. 2024ರ ಜುಲೈನಿಂದ ಈ ಕಲಂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೆಯದಾಗಿದೆ. ಮಿತಿ ಹೋಗಿದೆ, ಆದರೆ ಅಳತೆಗೋಲು ಮಾತ್ರ ಬಂದಿಲ್ಲ. ಗಂಡನ ಕೈಗೆ ಬರುವ ಸಂಬಳದ ಶೇ 25ರಷ್ಟು ಕೊಡುವುದು ಸಮಂಜಸ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಕೀಲರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಅದೂ ಅವನ ಗಳಿಕೆಯ ತುಂಡೇ ಹೊರತು ಅವಳ ದುಡಿಮೆಯ ಲೆಕ್ಕವಲ್ಲ.

ಜೀವನಾಂಶವೆಂದರೆ ಅವಳು ಬೀದಿಗೆ ಬೀಳದಂತೆ ತಡೆಯುವ ಆಸರೆ, ಕೂಲಿಯ ಬಾಕಿಯಲ್ಲ ಎಂದು ಕೆಲವರು ಹೇಳುತ್ತಾರೆ. ಅಪಘಾತದಲ್ಲಿ ಹಣ ಕೊಡುವುದು ಸಾಮಾನ್ಯವಾಗಿ ವಿಮಾ ಕಂಪನಿ, ಇಲ್ಲಿ ಒಬ್ಬ ಸಂಬಳದಾರ. ಅವನ ಜೇಬಿಗೆ ಮಿತಿಯಿದೆ ಎಂಬ ಮಾತೂ ಇದೆ. ಎರಡನೆಯದು ನಿಜ. ಇಪ್ಪತ್ತು ಸಾವಿರ ದುಡಿಯುವವನಿಂದ ಹದಿನೈದು ಸಾವಿರ ಕೊಡಿಸಲಾಗದು. ಆದರೆ ಕೊಡುವವನ ಶಕ್ತಿ ಮೊತ್ತವನ್ನು ತಗ್ಗಿಸಬಹುದೇ ಹೊರತು ದುಡಿಮೆಯೇ ನಡೆದಿಲ್ಲವೆಂದು ತೀರ್ಮಾನಿಸಲಾರದು. ಮೊದಲನೆಯದಕ್ಕೆ ನ್ಯಾಯಾಲಯಗಳೇ ಅರ್ಧ ಉತ್ತರ ಕೊಟ್ಟಿವೆ. ಮಕ್ಕಳಿಗಾಗಿ, ಮನೆಗಾಗಿ ಉದ್ಯೋಗ ಬಿಟ್ಟದ್ದನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪು ಹೇಳುತ್ತದೆ. ಮಕ್ಕಳನ್ನು ನೋಡಿಕೊಳ್ಳುವ ತಾಯಿಯನ್ನು ಸೋಮಾರಿ ಎನ್ನಲಾಗದು, ಅದು ಹಗಲಿರುಳಿನ ಕೆಲಸ ಎಂದ ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಬ್ಬ ಮಹಿಳೆಯ ಮಧ್ಯಂತರ ಜೀವನಾಂಶವನ್ನು 18,000ದಿಂದ 36,000 ರೂಪಾಯಿಗೆ ಏರಿಸಿತು. ಅದೇ ವರ್ಷ ಜುಲೈನಲ್ಲಿ ನಮ್ಮ ರಾಜ್ಯದವರೇ ಆದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಗಂಡಂದಿರು ಗೃಹಿಣಿಯರೊಂದಿಗೆ ಜಂಟಿ ಖಾತೆ, ಎಟಿಎಂ ಕಾರ್ಡು ಹಂಚಿಕೊಳ್ಳಬೇಕೆಂದು ತೀರ್ಪಿನಲ್ಲೇ ಬರೆದರು. ತತ್ತ್ವ ಒಪ್ಪಿಗೆಯಾಗಿದೆ, ಮಗ್ಗಿ ಮಾತ್ರ ಬಾಕಿ.

ತಾಯಿಯ ಮಮತೆಗೆ ರೂಪಾಯಿ ಲೆಕ್ಕವೇ ಎಂದು ಹುಬ್ಬೇರಿಸುವವರೂ ಇದ್ದಾರೆ. ಅಪಘಾತದ ಪರಿಹಾರ ಎಣಿಸಿಕೊಳ್ಳುವಾಗ ಯಾರೂ ಈ ಪ್ರಶ್ನೆ ಎತ್ತಿದ್ದು ಕಾಣೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ವ್ಯಯಿಸುತ್ತಾರೆ, ಗಂಡಸರು 97 ನಿಮಿಷ. 2021ರ ತೀರ್ಪು ಆಧಾರವಾಗಿ ಹಿಡಿದದ್ದು ಇದೇ ಅಂಕಿಗಳನ್ನು. ಆದಾಯದ ದಾಖಲೆಯಿಲ್ಲದ ಅಪಘಾತ ಪ್ರಕರಣಗಳಿಗೆಂದು ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ವರ್ಷವಾರು ಕಾಲ್ಪನಿಕ ಆದಾಯದ ಪಟ್ಟಿ ಮಾಡಿದೆ. ಹೈಕೋರ್ಟ್ ಕೂಡ ಅದನ್ನು ಬಳಸುತ್ತದೆ. ಅಂಥದ್ದೇ ಒಂದು ಪಟ್ಟಿಯನ್ನು ಕುಟುಂಬ ನ್ಯಾಯಾಲಯಗಳಿಗೂ ಕೊಟ್ಟರೆ ಒಂದೇ ಬಗೆಯ ಸಂಸಾರಕ್ಕೆ ಒಂದೂರಿನಲ್ಲಿ ಐದು ಸಾವಿರ, ಇನ್ನೊಂದೂರಿನಲ್ಲಿ ಹದಿನೈದು ಸಾವಿರ ಎಂಬ ಅದೃಷ್ಟದಾಟಕ್ಕೆ ಕಡಿವಾಣ ಬೀಳುತ್ತದೆ.

ಆ ಪಟ್ಟಿ ಬರುವವರೆಗೆ ಕಾಯಬೇಕಿಲ್ಲ. ಜೀವನಾಂಶದ ಪ್ರಕರಣದಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸುವುದು 2020ರಿಂದ ಕಡ್ಡಾಯ. ಬಿಟ್ಟ ಕೆಲಸ, ಆಗಿದ್ದ ಸಂಬಳ, ಮನೆಯಲ್ಲಿ ಹೊತ್ತ ಹೊಣೆ ಎಲ್ಲವನ್ನೂ ಇಸವಿ ಸಮೇತ ಅದರಲ್ಲಿ ಬರೆಸಿ. ಜೀವನಾಂಶ ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದಿಂದ, ಆದ್ದರಿಂದ ತಡಮಾಡಬೇಡಿ. ಅಪಘಾತದ ಪರಿಹಾರಕ್ಕೂ ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ. 2019ರ ತಿದ್ದುಪಡಿ ಆ ಗಡುವು ವಿಧಿಸಿದೆ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿಯ ಸಂಖ್ಯೆ 15100.