ಕಮಿಟ್‌ಗೆ 60 ಬೈಟ್: ಗಿಟ್ ಇತಿಹಾಸದ ಕ್ಯಾಶ್‌ಗೆ ತಗಲುವ ಖರ್ಚೆಷ್ಟು?

ಲಿನಕ್ಸ್ ಕರ್ನಲ್‌ನ ಮುಖ್ಯ ರೆಪೊ 10 ಲಕ್ಷ ಕಮಿಟ್ ದಾಟಿ ಕೆಲವು ವರ್ಷಗಳೇ ಆದವು. ಇಷ್ಟು ಉದ್ದದ ಇತಿಹಾಸದಲ್ಲಿ ‘ಈ ಎರಡು ಬ್ರಾಂಚ್‌ಗಳು ಎಲ್ಲಿ ಕವಲೊಡೆದವು’, ‘ಈ ಫೈಲನ್ನು ಯಾರು ಯಾವಾಗ ಮುಟ್ಟಿದರು’ ಎಂದು ಕೇಳಿದರೆ ಗಿಟ್ ಒಂದೊಂದೇ ಕಮಿಟ್ ಬಿಚ್ಚಿ ಓದುತ್ತ ಹಿಂದಕ್ಕೆ ಹೋಗಬೇಕು. ಆ ಓದಿನ ಫಲವನ್ನು ಒಮ್ಮೆ ಬರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸುವುದೇ ಕಮಿಟ್-ಗ್ರಾಫ್ ಫೈಲಿನ ಕೆಲಸ. ಮೈಕ್ರೋಸಾಫ್ಟ್‌ನಲ್ಲಿದ್ದ ಡೆರಿಕ್ ಸ್ಟೋಲಿ ಮುಂದಾಳಾಗಿ ರೂಪಿಸಿದ ಇದು 2018ರ ಜೂನ್‌ನ 2.18 ಆವೃತ್ತಿಯಲ್ಲಿ ಬಂತು. 2019ರ ನವೆಂಬರ್‌ನ 2.24ರಿಂದ ತಾನಾಗಿಯೇ ಚಾಲನೆಯಲ್ಲಿದೆ.

ಇದಕ್ಕೆ ಡಿಸ್ಕ್ ಎಷ್ಟು ಬೇಕು, ಕಾಪಾಡಿಕೊಂಡು ಹೋಗಲು ಎಷ್ಟು ಶ್ರಮ ಬೇಕು ಎಂದು ಲೆಕ್ಕ ಹಾಕಿದರೆ, ಜಾಗದ ಖರ್ಚು ತೀರ ಕಡಿಮೆ. ಖರ್ಚು ಏರುವುದು ಫೈಲನ್ನು ಪದೇಪದೇ ಹೊಸದಾಗಿ ಬರೆಯುವ ರೀತಿಯಿಂದ. ಅದನ್ನು ಸರಿಪಡಿಸುವುದು ನಮ್ಮ ಕೈಯಲ್ಲೇ ಇದೆ.

ಮೊದಲು, ಕ್ಯಾಶ್ ಇಲ್ಲದಾಗ ಗಿಟ್ ಏನು ಓದುತ್ತದೆ ನೋಡೋಣ. ಕಮಿಟ್ ಎಂದರೆ ಕುಗ್ಗಿಸಿಟ್ಟ ಒಂದು ಸಣ್ಣ ಪಠ್ಯ. ಮೊದಲ ಸಾಲಿನಲ್ಲಿ ಟ್ರೀ ಹ್ಯಾಶ್. ‘ಟ್ರೀ’ ಎಂಬ ಪದ, ಒಂದು ಖಾಲಿ ಜಾಗ, 40 ಅಕ್ಷರದ ಹ್ಯಾಶ್, ಸಾಲಿನ ಕೊನೆಯ ಗುರುತು ಸೇರಿ 46 ಬೈಟ್. ಪ್ರತಿ ಪೇರೆಂಟ್‌ಗೆ 48 ಬೈಟ್‌ನ ಇನ್ನೊಂದು ಸಾಲು. ಅನಂತರ ಬರೆದವರ ಹೆಸರು, ಇಮೇಲ್, ಸಮಯ, ಕಮಿಟ್ ಮಾಡಿದವರ ವಿವರ, ಕೊನೆಗೆ ಸಂದೇಶ. ಹಿಂದಕ್ಕೆ ಹೋಗಲು ಬೇಕಿರುವುದು ಪೇರೆಂಟ್, ದಿನಾಂಕ, ಕೆಲವೊಮ್ಮೆ ಟ್ರೀ ಮಾತ್ರ. ಆದರೂ ಪೂರ್ತಿ ಪಠ್ಯವನ್ನು ಬಿಚ್ಚದೆ ಗತಿಯಿಲ್ಲ. 10 ಲಕ್ಷ ಕಮಿಟ್ ಎಂದರೆ 10 ಲಕ್ಷ ಸಲ ಅದೇ ಕೆಲಸ, ಅದೂ ಪ್ರತಿ ಹೊಸ ಪ್ರಶ್ನೆಗೆ.

ಕಮಿಟ್-ಗ್ರಾಫ್‌ನಲ್ಲಿ ಬೇಕಾದ ಮಾಹಿತಿಯಷ್ಟೇ ಸಮ ಅಳತೆಯ ಸಾಲುಗಳಲ್ಲಿ ಕೂತಿರುತ್ತದೆ. ಕಮಿಟ್‌ನ ಹ್ಯಾಶ್‌ಗೆ 20 ಬೈಟ್. ಇನ್ನೊಂದು ಕೋಷ್ಟಕದಲ್ಲಿ ಟ್ರೀ ಹ್ಯಾಶ್‌ಗೆ 20, ಮೊದಲ ಪೇರೆಂಟ್‌ಗೆ 4, ಎರಡನೆಯದಕ್ಕೆ 4, ದಿನಾಂಕ ಮತ್ತು ತಲೆಮಾರು ಸಂಖ್ಯೆಗೆ ಒಟ್ಟಿಗೆ 8, ಹೀಗೆ 36. ಮುಂದೆ ಸೇರಿಕೊಂಡ 4 ಬೈಟ್ ಕೂಡಿಸಿದರೆ ಕಮಿಟ್‌ಗೆ 60 ಬೈಟ್. ಶಿರೋಭಾಗ, ಪರಿವಿಡಿ, 256 ಖಾನೆಗಳ ಹುಡುಕು ಕೋಷ್ಟಕ, ಕೊನೆಯ ಚೆಕ್‌ಸಮ್ ಸೇರಿ ಇಡೀ ಫೈಲಿಗೆ 1,112 ಬೈಟ್ ಮೇಲುಖರ್ಚು. 10 ಲಕ್ಷ ಕಮಿಟ್‌ಗಳಿಗೆ ಒಟ್ಟು 6,00,01,112 ಬೈಟ್, ಅಂದರೆ 60 ಮೆಗಾಬೈಟ್. ಗಿಗಾಬೈಟ್‌ಗಳಲ್ಲಿ ಅಳೆಯುವ ರೆಪೊಗೆ ಇದು ದೊಡ್ಡ ಮೊತ್ತವೇ ಅಲ್ಲ. ಹ್ಯಾಶ್ ಪದ್ಧತಿ ಶಾ-256 ಆದರೆ 60ರ ಬದಲು 84 ಬೈಟ್.

ಪೇರೆಂಟ್‌ಗೆ 20 ಬೈಟ್ ಬದಲು ಬರೀ 4 ಸಾಕಾಗುವುದು ಹೇಗೆ? ಅಲ್ಲಿರುವುದು ಹ್ಯಾಶ್ ಅಲ್ಲ, ಪೇರೆಂಟ್ ಇದೇ ಕೋಷ್ಟಕದ ಎಷ್ಟನೆಯ ಸಾಲಿನಲ್ಲಿದೆ ಎಂಬ ಸಂಖ್ಯೆ. ಮೊದಲ ಕಮಿಟ್ ಹುಡುಕಲು 256 ಖಾನೆಗಳ ನೆರವಿನಿಂದ ಸುಮಾರು 3,900 ಹ್ಯಾಶ್‌ಗಳ ನಡುವೆ 12 ಹೋಲಿಕೆ ಸಾಕು. ಅಲ್ಲಿಂದ ಮುಂದೆ ಹುಡುಕಾಟವೇ ಇಲ್ಲ. ಸಾಲಿನ ಸಂಖ್ಯೆಯನ್ನು 36ರಿಂದ ಗುಣಿಸಿದರೆ ಪೇರೆಂಟ್ ಇರುವ ಜಾಗ ಸಿಗುತ್ತದೆ. ಎರಡಕ್ಕಿಂತ ಹೆಚ್ಚು ಪೇರೆಂಟ್ ಇದ್ದರೆ ಬೇರೆ ಪಟ್ಟಿ. ಲಿನಕ್ಸ್‌ನಲ್ಲಿ 66 ಪೇರೆಂಟ್‌ಗಳ ಒಂದು ಮರ್ಜ್ ಇದೆ. ಅದರ ಉಳಿದ 65 ಪೇರೆಂಟ್‌ಗಳಿಗೆ ಆ ಪಟ್ಟಿಯಲ್ಲಿ 260 ಬೈಟ್.

ಮೇಲೆ ಹೇಳಿದ ಆ 4 ಬೈಟ್ ಯಾಕೆ ಸೇರಿತು ಎಂಬುದನ್ನು ತುಸು ಬಿಡಿಸಿ ಹೇಳಬೇಕು. ಮೊದಲಿನ ತಲೆಮಾರು ಸಂಖ್ಯೆ ಸರಳವಾಗಿತ್ತು: ಪೇರೆಂಟ್‌ಗಳಲ್ಲಿ ದೊಡ್ಡ ಸಂಖ್ಯೆಗೆ ಒಂದು ಕೂಡಿಸಿದ್ದು. ತರ್ಕದಲ್ಲಿ ತಪ್ಪಿಲ್ಲ, ಆದರೆ ಕೆಲವು ಕಡೆ ಕೆಲಸ ಹೆಚ್ಚಾಯಿತು. ಲಿನಕ್ಸ್‌ನ 4.8 ಮತ್ತು 4.9 ಆವೃತ್ತಿಗಳ ಕವಲುಬಿಂದು ಹುಡುಕಲು ಬರೀ ದಿನಾಂಕ ನಂಬಿದಾಗ ಸುಮಾರು 1.67 ಲಕ್ಷ ಕಮಿಟ್ ನೋಡಿದರೆ ಸಾಕಿತ್ತು. ಈ ಸಂಖ್ಯೆ ನಂಬಿದಾಗ 6.35 ಲಕ್ಷ ನೋಡಬೇಕಾಯಿತು. ವೇಗಕ್ಕೆಂದು ತಂದದ್ದೇ ಸುಮಾರು ನಾಲ್ಕು ಪಟ್ಟು ಕೆಲಸ ಮಾಡಿಸಿತು. ಹಾಗೆಂದು ದಿನಾಂಕವನ್ನೇ ನಂಬುವಂತಿಲ್ಲ, ಯಾರದೋ ಕಂಪ್ಯೂಟರಿನ ಗಡಿಯಾರ ತಪ್ಪಿರಬಹುದು. 2021ರ ಮಾರ್ಚ್‌ನ 2.31ರಲ್ಲಿ ಬಂದ ಪರಿಹಾರ ತಿದ್ದಿದ ದಿನಾಂಕ: ಪೇರೆಂಟ್‌ಗಿಂತ ಹಳೆಯದೆಂದು ತೋರುವ ಕಮಿಟ್‌ಗೆ ಪೇರೆಂಟ್‌ಗಿಂತ ಕನಿಷ್ಠ ಒಂದು ಸೆಕೆಂಡ್ ಮುಂದಿನ ಸಮಯ ಕೊಟ್ಟು, ವ್ಯತ್ಯಾಸವನ್ನು 4 ಬೈಟ್‌ನಲ್ಲಿ ಇಡುವುದು. ಅದರಿಂದ ಅದೇ ಹುಡುಕಾಟ ಮತ್ತೆ 1.67 ಲಕ್ಷಕ್ಕೆ ಇಳಿಯಿತು. 10 ಲಕ್ಷ ಕಮಿಟ್‌ಗೆ 4 ಮೆಗಾಬೈಟ್ ಹೆಚ್ಚು ಕೊಟ್ಟು ಪಡೆದ ಈ ಲಾಭ ನನ್ನ ಮಟ್ಟಿಗೆ ಇಡೀ ವಿನ್ಯಾಸದ ಅತ್ಯುತ್ತಮ ವ್ಯಾಪಾರ.

ಈಗ ಮರುಬರಹದ ಲೆಕ್ಕ. ಒಂದೇ ಫೈಲ್ ಇಟ್ಟುಕೊಂಡು ಗಂಟೆಗೊಮ್ಮೆ ಹೊಸದಾಗಿ ಬರೆದರೆ ದಿನಕ್ಕೆ 6 ಕೋಟಿ ಬೈಟ್ 24 ಸಲ, ಅಂದರೆ 144 ಕೋಟಿ ಬೈಟ್. ಗಂಟೆಗೆ 50 ಹೊಸ ಕಮಿಟ್ ಬಂದರೆ ಅವುಗಳ ನಿಜವಾದ ಮಾಹಿತಿ 3,000 ಬೈಟ್ ಮಾತ್ರ. ಅಷ್ಟಕ್ಕಾಗಿ ಹಳೆಯ 10 ಲಕ್ಷವನ್ನು ಮತ್ತೆ ಬರೆಯುವುದು ಶುದ್ಧ ದಂಡ.

2019ರ ಆಗಸ್ಟ್‌ನ 2.23 ಆವೃತ್ತಿ ಇದಕ್ಕೆ ಪದರಗಳ ಸರಪಳಿ ತಂದಿತು. ಹಳೆಯ ಫೈಲ್ ಬುಡದಲ್ಲಿ ಹಾಗೆಯೇ ಇರುತ್ತದೆ, ಹೊಸ ಕಮಿಟ್‌ಗಳು ಮೇಲಿನ ಸಣ್ಣ ಪದರಕ್ಕೆ ಹೋಗುತ್ತವೆ. ಹೊಸ ಪದರದ ಎರಡರಷ್ಟು ಕೆಳಗಿನ ಪದರಕ್ಕಿಂತ ದೊಡ್ಡದಾದರೆ ಎರಡನ್ನೂ ಸೇರಿಸಿ ಒಂದು ಮಾಡು ಎಂಬುದು ನಿಯಮ. ಬುಡದಲ್ಲಿ 10 ಲಕ್ಷ, ನಡುವೆ 50,000, ಮೇಲೆ 1,500 ಇದ್ದಾಗ 1,000 ಹೊಸ ಕಮಿಟ್ ಬಂದವು ಎನ್ನಿ. 2,000 ಎಂಬುದು 1,500ಕ್ಕಿಂತ ಹೆಚ್ಚು, ಸೇರಿಸಿದರೆ 2,500. ಅದರ ಎರಡರಷ್ಟು 5,000 ಎಂಬುದು 50,000ಕ್ಕಿಂತ ಕಡಿಮೆ; ಅಲ್ಲಿಗೆ ನಿಲ್ಲುತ್ತದೆ. ಬರೆದದ್ದು ಒಂದೂವರೆ ಲಕ್ಷ ಬೈಟ್, ಜೊತೆಗೆ ಚಿಲ್ಲರೆ ಮೇಲುಖರ್ಚು.

ಗಂಟೆಗೆ 50 ಕಮಿಟ್‌ನ ಉದಾಹರಣೆಗೆ ಮರಳಿದರೆ, ಪ್ರತಿ ಗಂಟೆ ಅಂದಿನ ಎಲ್ಲ ಕಮಿಟ್‌ಗಳನ್ನೂ ಮತ್ತೆ ಸೇರಿಸಿ ಬರೆದರೂ ದಿನಕ್ಕೆ ಸುಮಾರು 9.3 ಲಕ್ಷ ಬೈಟ್ ಆಗುತ್ತದೆ. 144 ಕೋಟಿಗೆ ಹೋಲಿಸಿದರೆ ಸಾವಿರದೈನೂರು ಪಟ್ಟು ಕಡಿಮೆ. ಬುಡದ ಫೈಲನ್ನು ಮತ್ತೆ ಬರೆಯುವ ಸರದಿ ಮೇಲೆ 5 ಲಕ್ಷ ಕಮಿಟ್ ಸೇರಿದಾಗ. ದಿನಕ್ಕೆ 1,200ರಂತೆ ಅದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಬೇಕು.

ಫೈಲಿನ ಇತಿಹಾಸ ಕೇಳುವ ಪ್ರಶ್ನೆಗೆ ಇನ್ನೊಂದು ಸೌಲಭ್ಯವಿದೆ. 2020ರ ಜೂನ್‌ನ 2.27ರಿಂದ ಪ್ರತಿ ಕಮಿಟ್ ಮುಟ್ಟಿದ ಪಾಥ್‌ಗಳ ಬ್ಲೂಮ್ ಫಿಲ್ಟರನ್ನೂ ಇದೇ ಫೈಲಿನಲ್ಲಿ ಇಡಬಹುದು. ಪಾಥ್‌ಗೆ 10 ಬಿಟ್, 7 ಹ್ಯಾಶ್. ಎರಡು ಫೋಲ್ಡರ್ ಒಳಗಿನ ಒಂದು ಫೈಲ್ ಬದಲಾದರೆ ಫೋಲ್ಡರ್‌ಗಳೂ ಸೇರಿ 3 ಪಾಥ್, 30 ಬಿಟ್, ಅಂದರೆ 4 ಬೈಟ್. ಸೂಚಿಗೆ ಇನ್ನೂ 4. 512 ಪಾಥ್ ಮೀರಿದರೆ ಫಿಲ್ಟರ್ ಕಟ್ಟುವುದನ್ನೇ ಬಿಟ್ಟು 1 ಬೈಟ್ ಗುರುತು ಹಾಕುತ್ತದೆ. ಕಮಿಟ್ ಈ ಪಾಥನ್ನು ಮುಟ್ಟಿದೆಯೇ ಎಂದು ಕೇಳಿದಾಗ ಫಿಲ್ಟರ್ ‘ಇಲ್ಲ’ ಎಂದರೆ ಖಂಡಿತ ಇಲ್ಲ. ಮುಟ್ಟದ ಕಮಿಟ್‌ಗಳಲ್ಲಿ ಲೆಕ್ಕದ ಪ್ರಕಾರ ನೂರಕ್ಕೆ 0.8ರಷ್ಟಕ್ಕೆ ಮಾತ್ರ ತಪ್ಪಾಗಿ ‘ಇರಬಹುದು’ ಎನ್ನುತ್ತದೆ. 300 ಸಲ ಬದಲಾದ ಫೈಲಿಗೆ 10 ಲಕ್ಷ ಕಮಿಟ್‌ಗಳ ಟ್ರೀ ಹೋಲಿಸುವ ಬದಲು ಸುಮಾರು 8,500 ಹೋಲಿಸಿದರೆ ಸಾಕು. ಆದರೆ ಮೊದಲ ಸಲ ಕಟ್ಟುವಾಗ ಎಲ್ಲ ಕಮಿಟ್‌ಗಳ ವ್ಯತ್ಯಾಸ ತೆಗೆಯಲೇಬೇಕು, ಅದು ನಿಧಾನ. ಸರ್ವರ್‌ನಲ್ಲಿ ಒಂದು ಸಲಕ್ಕೆ ಇಂತಿಷ್ಟೇ ಹೊಸ ಫಿಲ್ಟರ್ ಎಂದು ಮಿತಿ ಹಾಕಿ ಕಂತಿನಲ್ಲಿ ಮುಗಿಸುವುದು ಜಾಣತನ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಗಮನಿಸಬೇಕಾದ ವಿಷಯ ಇಲ್ಲೇ ಇದೆ. ಯುಟಿಎಫ್-8ರಲ್ಲಿ ‘ಕನ್ನಡ’ ಎಂಬುದು 15 ಬೈಟ್, ಅಷ್ಟೂ 128 ಅಥವಾ ಅದಕ್ಕಿಂತ ದೊಡ್ಡ ಮೌಲ್ಯದವು. ಫಿಲ್ಟರಿನ ಮೊದಲ ಆವೃತ್ತಿ ಇಂಥ ಬೈಟ್‌ಗಳನ್ನು ಕೆಲವು ಯಂತ್ರಗಳಲ್ಲಿ ಋಣ ಸಂಖ್ಯೆಯೆಂದು ಓದಿ ತಪ್ಪು ಹ್ಯಾಶ್ ಮಾಡುತ್ತಿತ್ತು. ಇಂಗ್ಲಿಷ್ ಹೆಸರಿನ ಫೈಲುಗಳಲ್ಲಿ ಈ ದೋಷ ಕಾಣುವುದೇ ಇಲ್ಲ. ಒಂದು ಬಗೆಯ ಯಂತ್ರದಲ್ಲಿ ಕಟ್ಟಿದ ಫಿಲ್ಟರನ್ನು ಇನ್ನೊಂದರಲ್ಲಿ ಓದಿದರೆ ಇರುವ ಬದಲಾವಣೆಯೂ ಇಲ್ಲವೆಂದು ಬರಬಹುದು. 2024ರಲ್ಲಿ ಸರಿಪಡಿಸಿದ ಎರಡನೆಯ ಆವೃತ್ತಿ ಬಂತು, ಆದರೆ ಸೆಟ್ಟಿಂಗ್ ಮುಟ್ಟದಿದ್ದರೆ ಹಳೆಯದೇ ಮುಂದುವರಿಯುತ್ತದೆ. ಕನ್ನಡ ಹೆಸರಿನ ಫೈಲುಗಳಿರುವ ರೆಪೊದಲ್ಲಿ ಕಮಿಟ್‌ಗ್ರಾಫ್ ಚೇಂಜ್ಡ್‌ಪಾಥ್ಸ್‌ವರ್ಷನ್ ಎಂಬ ಸೆಟ್ಟಿಂಗನ್ನು 2ಕ್ಕೆ ಬದಲಿಸಿ, ಫಿಲ್ಟರ್ ಮತ್ತೆ ಕಟ್ಟಿಸಿ.

5,000 ಕಮಿಟ್‌ನ ರೆಪೊಗೆ ಈ ಯಾವ ಚಿಂತೆಯೂ ಬೇಡ. 3 ಲಕ್ಷ ಬೈಟ್‌ನ ಫೈಲ್ ತಾನಾಗಿ ಆಗುತ್ತದೆ, ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ತಿಳಿಯದು. ಆಳ ಕಡಿತಗೊಳಿಸಿದ ಶಾಲೋ ಕ್ಲೋನ್‌ನಲ್ಲಿ ಗಿಟ್ ಕಮಿಟ್-ಗ್ರಾಫನ್ನು ಬಳಸುವುದೇ ಇಲ್ಲ. ಲಕ್ಷ ಕಮಿಟ್ ದಾಟಿದ ರೆಪೊ ನಿಮ್ಮ ಸುಪರ್ದಿಯಲ್ಲಿದ್ದರೆ ‘ಗಿಟ್ ಮೇಂಟೆನೆನ್ಸ್ ಸ್ಟಾರ್ಟ್’ ಕಮಾಂಡ್ ಒಮ್ಮೆ ಕೊಡಿ, 2.30ರಿಂದ ಈಚೆಗೆ ಅದು ಗಂಟೆಗೊಮ್ಮೆ ಪದರಗಳ ರೂಪದಲ್ಲೇ ಬರೆಯುತ್ತದೆ. ಅನುಮಾನ ಬಂದರೆ ವೆರಿಫೈ ಕಮಾಂಡ್‌ನಿಂದ ಪರೀಕ್ಷಿಸಿ. ಕೆಟ್ಟಿದ್ದರೆ ಅಳಿಸಿ ಮತ್ತೆ ಬರೆಸಿ, ಮೂಲ ಕಮಿಟ್‌ಗಳಿಗೆ ಏನೂ ಆಗುವುದಿಲ್ಲ.