ಹುಗ್ಗಿ ಮುಳ್ಳಾಗುವುದು ನಾಲಿಗೆಯ ಮೇಲಲ್ಲ

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡರೆ ನಾಲಿಗೆ ಕೆಟ್ಟುಹೋಗುತ್ತದೆ, ಆಮೇಲೆ ಹೋಳಿಗೆಯೂ ಮಣ್ಣು, ಮೈಸೂರುಪಾಕೂ ಮಣ್ಣು ಎಂಬ ನಂಬಿಕೆಯಿದೆ. ದಿನಕ್ಕೆ ಮುದ್ದೆ-ಸಾರು, ಹಬ್ಬಕ್ಕೆ ಹೋಳಿಗೆ-ತುಪ್ಪ ಎನ್ನುವ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಇದು ಸಣ್ಣ ಭಯವೇನಲ್ಲ. ಆದರೆ ಸರ್ಜನ್ ನಾಲಿಗೆಯ ಹತ್ತಿರಕ್ಕೂ ಹೋಗುವುದಿಲ್ಲ. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಕೊಳವೆ ಮಾಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲ ಉಳಿಸಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ನಾಲಿಗೆಯ ರುಚಿಯನ್ನು ಮಿದುಳಿಗೆ ಒಯ್ಯುವ ಮುಖ್ಯ ನರಗಳು ಹೊಟ್ಟೆಯತ್ತ ಇಳಿಯುವುದೇ ಇಲ್ಲ. ರುಚಿಮೊಗ್ಗಿನ ಕೋಶಗಳು ಸುಮಾರು 10 ದಿನಕ್ಕೊಮ್ಮೆ ಹೊಸದಾಗುತ್ತಿರುತ್ತವೆ, ಆಪರೇಷನ್ನಿಗೆ ಮುಂಚೆಯೂ ನಂತರವೂ.

ಹಾಗಾದರೆ ರುಚಿ ಬದಲಾಯಿತು ಎನ್ನುವ ಅಷ್ಟೊಂದು ರೋಗಿಗಳು ಸುಳ್ಳು ಹೇಳುತ್ತಾರೆಯೇ? ಇಲ್ಲ. ತೊಡಕಿರುವುದು ‘ರುಚಿ’ ಎಂಬ ಪದದಲ್ಲಿ. ಸಿಹಿಯನ್ನು ಸಿಹಿಯೆಂದು ಗುರುತಿಸುವುದು, ಅದು ಹಿತವೆನಿಸುವುದು, ಇನ್ನೊಂದು ತುತ್ತು ಬೇಕೆನಿಸುವುದು, ಈ ಮೂರನ್ನೂ ನಾವು ಆ ಒಂದೇ ಮಾತಿನಲ್ಲಿ ತುಂಬಿಬಿಟ್ಟಿದ್ದೇವೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಯಾನಿನಾ ಪೆಪಿನೊ ಮತ್ತು ಸಂಗಡಿಗರು ಇವನ್ನು ಬೇರೆಬೇರೆಯಾಗಿ ಅಳೆದು 2014ರಲ್ಲಿ ಪ್ರಕಟಿಸಿದರು. ಬೈಪಾಸ್ ಆದ ಹೆಂಗಸರೂ ಜಠರಕ್ಕೆ ಬರೀ ಬ್ಯಾಂಡ್ ಬಿಗಿಸಿಕೊಂಡ ಹೆಂಗಸರೂ ಮೈತೂಕದ ಸುಮಾರು ಶೇ. 20ರಷ್ಟು ಇಳಿದ ಮೇಲೆ ಪರೀಕ್ಷಿಸಿದರೆ, ಎಷ್ಟು ತೆಳು ಸಕ್ಕರೆ ನೀರಿನಲ್ಲಿ ಸಿಹಿ ಗೊತ್ತಾಗುತ್ತದೆ ಎಂಬುದು ಎರಡೂ ಗುಂಪಿನಲ್ಲಿ ಮೊದಲಿನಂತೆಯೇ ಇತ್ತು. ಮತ್ತೆ ಮತ್ತೆ ಸವಿದಾಗ ಮಾತ್ರ ಬೈಪಾಸ್ ಆದವರಿಗೆ ಆ ಸಿಹಿ ಸಾಕಾಗಿ ಅಹಿತವೆನಿಸಿತು, ಬ್ಯಾಂಡಿನವರಿಗೆ ಹಾಗಾಗಲಿಲ್ಲ. ಎರಡೂ ಗುಂಪು ಅಷ್ಟೇ ತೂಕ ಕಳೆದುಕೊಂಡಿದ್ದರಿಂದ, ತೂಕ ಇಳಿದದ್ದೇ ಕಾರಣ ಎನ್ನಲೂ ಬರುವುದಿಲ್ಲ. ‘ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು’ ಎಂಬ ಗಾದೆ ಕಟ್ಟಿದವರಿಗೆ ಇದು ಹೊಸ ಸುದ್ದಿಯಾಗುತ್ತಿರಲಿಲ್ಲ. ಬೈಪಾಸ್ ಆದವರಲ್ಲಿ ಊಟದ ನಂತರ ಜಿಎಲ್‌ಪಿ-1ರಂಥ ತೃಪ್ತಿಯ ಹಾರ್ಮೋನುಗಳು ಬೇಗ, ಹೆಚ್ಚಾಗಿ ಸುರಿಯುತ್ತವೆ. ಸ್ಲೀವ್‌ನಲ್ಲಿ ಹಸಿವಿನ ಹಾರ್ಮೋನಾದ ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೇ ಹೊರಗೆ ಬಂದಿರುತ್ತದೆ. ನಾಲ್ಕನೆಯ ತುತ್ತಿಗೇ ಗಾದೆ ನಿಜವಾಗುತ್ತದೆ, ಅಷ್ಟೆ.

ಇದೆಲ್ಲ ಡಂಪಿಂಗ್‌ನ ಹೆದರಿಕೆ, ಹಾರ್ಮೋನಿನ ಮಾತೇಕೆ ಎನ್ನಬಹುದು. ಡಂಪಿಂಗ್ ಆಗಿ, ಅಂದರೆ ಸಿಹಿ ತಿಂದೊಡನೆ ಅದು ಕರುಳಿಗೆ ಧುಮುಕಿ ಬೆವರು, ಎದೆಬಡಿತ, ಭೇದಿ ಬಂದರೆ ಯಾರಿಗಾದರೂ ಆ ತಿಂಡಿ ಕಂಡರೆ ವಾಕರಿಕೆಯೇ. (ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ಪಾರು ಎಂಬುದೂ ಭ್ರಮೆ; ಬೆಲ್ಲದಲ್ಲಿರುವುದೂ ಬಹುಪಾಲು ಸುಕ್ರೋಸೇ.) ಈ ಕಲಿತ ಹೇವರಿಕೆಯ ಪಾಲು ಇದೆ, ಒಪ್ಪೋಣ, ಆದರೆ ಡಂಪಿಂಗ್ ಅನುಭವಿಸದವರೂ ಸಿಹಿಯ ಆಸೆ ಕುಗ್ಗಿತೆಂದು ಹೇಳುವುದುಂಟು. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ: ಸಿಹಿ ಬೇಡವೆಂದು ಪ್ರಶ್ನಾವಳಿಯಲ್ಲಿ ಬರೆದವರನ್ನು ನಿಜವಾದ ಬಫೆ ಊಟದ ಮುಂದೆ ಕೂರಿಸಿದ ಅಧ್ಯಯನಗಳಲ್ಲಿ, ಅವರು ಎಲ್ಲವನ್ನೂ ಕಡಿಮೆ ತಿಂದರೇ ಹೊರತು ಆಯ್ಕೆ ಅಷ್ಟೇನೂ ಬದಲಾಗಿರಲಿಲ್ಲ. ಆದ್ದರಿಂದ ಆಪರೇಷನ್ ಸಿಹಿಯ ಚಪಲವನ್ನು ಬೇರುಸಹಿತ ಕೀಳುತ್ತದೆ ಎಂಬ ಆಶಾವಾದವೂ ತಪ್ಪೇ. ಮೊದಲ ತಿಂಗಳುಗಳ ಅರುಚಿ ಬಹಳ ಜನರಲ್ಲಿ ಸಡಿಲವಾಗುತ್ತದೆ, ಆಸೆ ಮೆಲ್ಲನೆ ಮರಳುತ್ತದೆ. ಹಾಗೆ ಮರಳದೆ ಬಾಯಿ ಸಪ್ಪೆಯಾಗಿಯೇ ಉಳಿದರೆ ‘ಆಪರೇಷನ್ನಿನ ಹಣೆಬರಹ’ ಎಂದು ಸುಮ್ಮನಿರಬಾರದು. ಸತು, ಕಬ್ಬಿಣ, ಬಿ12 ಕೊರತೆಯೂ ರುಚಿಯನ್ನು ಕೆಡಿಸುತ್ತದೆ, ರಕ್ತಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ.

ಮುದ್ದೆಯ ಪ್ರಶ್ನೆ ಉಳಿಯಿತು. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅಗಿದು ತಿನ್ನುವವನನ್ನು ಕಂಡರೆ ಪಂಕ್ತಿಯೇ ನಗುತ್ತದೆ. ಪುಟ್ಟ ಚೀಲಕ್ಕೆ ಆ ತುತ್ತು ಇಳಿಯದೆ ಸಿಕ್ಕಿಕೊಳ್ಳುವುದರಿಂದ, ವೈದ್ಯರು ಒಪ್ಪಿದ ಮೇಲೂ ಗೋಲಿಯಷ್ಟು ಮುರಿದು ಅಗಿಯಬೇಕಾಗುತ್ತದೆ. ಆಗ ಜೊಲ್ಲಿನ ಕಿಣ್ವ ರಾಗಿಯ ಪಿಷ್ಟವನ್ನು ಒಡೆದು ಬಾಯಲ್ಲಿ ತೆಳ್ಳಗೆ ಸಿಹಿ ಏಳುತ್ತದೆ. ಮುದ್ದೆಯ ರುಚಿಯೇ ಬದಲಾಗಿದೆ ಎನಿಸಿದರೆ, ಅದು ಅಷ್ಟು ಹೊತ್ತು ನಾಲಿಗೆಯ ಮೇಲೆ ನಿಂತದ್ದು ಇದೇ ಮೊದಲು.