‘ಕಾರ್ಮಿಲ್ಲಾ’: ಕಥೆ ಮತ್ತು ಚಿತ್ರ

ಐರಿಷ್ ಲೇಖಕ ಷೆರಿಡನ್ ಲೆ ಫಾನುವಿನ ‘ಕಾರ್ಮಿಲ್ಲಾ’ (1872) ಎಂಬ ನೀಳ್ಗತೆಯಲ್ಲಿ ಭಯವೂ ಅನುರಾಗವೂ ಬೇರೆಬೇರೆಯಾಗಿಲ್ಲ. ರಕ್ತಪಿಶಾಚಿಯ ಒಲವಿಗೆ ಸಿಲುಕಿದ ಲಾರಾ ಎಂಬ ತರುಣಿಯೇ ಅದನ್ನು ಹೇಳುತ್ತಾಳೆ. ಆ ಗೆಳತಿಯಲ್ಲಿ ಆಕೆಗೆ ಆಕರ್ಷಣೆಯೂ ಉಂಟು, ಜುಗುಪ್ಸೆಯೂ ಉಂಟು. ಪಿಶಾಚಿಯ ಸಂಹಾರವಾಗಿ ವರ್ಷಗಳು ಸಂದ ಮೇಲೂ ಬಾಗಿಲ ಬಳಿ ಅವಳ ಹಗುರವಾದ ಹೆಜ್ಜೆಯ ಸಪ್ಪಳ ಕೇಳಿದಂತೆ ಲಾರಾಳಿಗೆ ಭಾಸವಾಗುತ್ತದೆ.

ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆ 1970ರಲ್ಲಿ ಈ ಕಥೆಯನ್ನಾಧರಿಸಿ ‘ದಿ ವ್ಯಾಂಪೈರ್ ಲವರ್ಸ್’ ಎಂಬ ಚಿತ್ರವನ್ನು ತೆಗೆಯಿತು. ಇನ್‌ಗ್ರಿಡ್ ಪಿಟ್ ಅವರ ಅಭಿನಯದಲ್ಲಿ ವಿಷಾದದ ಛಾಯೆಯಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಥೆ ಹೇಳಿದವಳ ದನಿ ಅಲ್ಲಿಲ್ಲ; ಲಾರಾ ಎಂಬ ಹೆಸರು ಸಹ ಬೇಗನೆ ಸಾಯುವ ಬೇರೊಬ್ಬ ಹುಡುಗಿಗೆ ಸಂದಿದೆ. ಒಬ್ಬ ಹೆಣ್ಣು ಇನ್ನೊಬ್ಬಳನ್ನು ನೆನೆಯುವ ನೆನಪು ಹೋಗಿ, ಪ್ರೇಕ್ಷಕರ ಕುತೂಹಲವನ್ನು ತಣಿಸುವ ದೃಶ್ಯಗಳು ಉಳಿದಿವೆ. ಮರುವರ್ಷದ ‘ಲಸ್ಟ್ ಫಾರ್ ಎ ವ್ಯಾಂಪೈರ್’ನಲ್ಲಂತೂ ಪಿಶಾಚಿ ಪುರುಷನೊಬ್ಬನಿಗೇ ಒಲಿಯುತ್ತಾಳೆ!

ಈ ಆಶಾಭಂಗಕ್ಕೆ ಹಣದ ಅಭಾವವೇ ಕಾರಣವೆನ್ನಬಹುದೆ? ನಮಗೆ ಹಾಗೆ ತೋರದು. ವ್ಯಾಲ್ ಲ್ಯೂಟನ್ ಅಮೆರಿಕದಲ್ಲಿ ನಿರ್ಮಿಸಿದ ‘ಕ್ಯಾಟ್ ಪೀಪಲ್’ (1942) ಸಹ ಅಲ್ಪವ್ಯಯದ ಚಿತ್ರವೇ. ಅಲ್ಲಿ ಈಜುಕೊಳದ ಗೋಡೆಯ ಮೇಲೆ ಆಡುವ ನೀರಿನ ಬೆಳಕು, ಒಂದು ನೆರಳು, ಒಂದು ಗುರುಗುಟ್ಟುವಿಕೆ, ಇಷ್ಟರಿಂದಲೇ ಭೀತಿ ಹುಟ್ಟುತ್ತದೆ. ಮೃಗ ಬಹುಮಟ್ಟಿಗೆ ಮರೆಯಲ್ಲಿಯೇ ಇರುತ್ತದೆ. ಹ್ಯಾಮರ್ ಚಿತ್ರದಲ್ಲಾದರೋ ಕೋರೆಹಲ್ಲು, ನೆತ್ತರು, ಕತ್ತರಿಸಿದ ರುಂಡ ಎಲ್ಲವನ್ನೂ ತೆರೆಯ ಮೇಲೆ ತೋರಿಸಲಾಗಿದೆ.